ಕಂಡದ್ದು, ಅಂದುಕೊಂಡದ್ದು, ಕೇಳುವುದು: ದೋಷವಿರುವ ಪೀಠೋಪಕರಣದ ಮೂಲಕ ಗ್ರಾಹಕ ಹಕ್ಕಿನ ಪಾಠ

ಪಾಠದ ಹಿನ್ನೆಲೆ

ನನ್ನ ಬೋಧನಾ ವಿಷಯಗಳು ಭೌತ ವಿಜ್ಞಾನ ಮತ್ತು ಗಣಿತ. ಇಂಟರ್ನ್‌ಶಿಪ್ ಅವಧಿಯಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತನ್ನ ವಿಷಯದ ಹೊರಗಿನ ಒಂದು ಘಟಕವನ್ನು ಆರಿಸಿಕೊಂಡು, ಅದಕ್ಕೆ ತನ್ನ ವಿಷಯವನ್ನು ಜೋಡಿಸಿ ಒಂದು ಸಮನ್ವಯ ಪಾಠ ಮಾಡಬೇಕೆಂಬುದು ನಮ್ಮ ಕಾಲೇಜಿನ ಕ್ರಮ. ನಾನು ಆರಿಸಿಕೊಂಡದ್ದು ಹತ್ತನೇ ತರಗತಿ ಸಮಾಜ ವಿಜ್ಞಾನದ ವ್ಯವಹಾರ ಅಧ್ಯಯನ ಭಾಗದಲ್ಲಿ ಬರುವ ‘ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ’. ಶಾಲೆಯು ತಾಲ್ಲೂಕು ಕೇಂದ್ರಕ್ಕೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆ. ಮಕ್ಕಳ ಮನೆಗಳಲ್ಲಿ ಗಾರೆ ಕೆಲಸ, ಮರಗೆಲಸ, ಕೂಲಿ, ಸಣ್ಣ ಬೇಸಾಯ ಮಾಡುವವರೇ ಹೆಚ್ಚು. ವಿಷಯ ಶಿಕ್ಷಕರು ಘಟಕವನ್ನು ಆಗಲೇ ಮುಗಿಸಿದ್ದರು. ಪುನರಾವರ್ತನೆಗೆ ಇಟ್ಟಿದ್ದ ಎರಡು ಅವಧಿಗಳನ್ನು ನನಗೆ ಬಿಟ್ಟುಕೊಟ್ಟರು.

ಪೂರ್ವಜ್ಞಾನ ತಿಳಿಯಲು ಎರಡು ಪ್ರಶ್ನೆ ಕೊಟ್ಟೆ. ‘ಗ್ರಾಹಕರ ಹಕ್ಕುಗಳನ್ನು ಪಟ್ಟಿ ಮಾಡಿ’ ಎಂಬ ಮೊದಲನೆಯದಕ್ಕೆ ಬಹುತೇಕ ಎಲ್ಲರೂ ತಪ್ಪಿಲ್ಲದೆ ಬರೆದರು. ‘ನಿಮ್ಮ ಮನೆಗೆ ತಂದ ಹೊಸ ಮೇಜು ಅಲುಗಾಡುತ್ತಿದೆ. ಅಂಗಡಿಯವರಿಗೆ ನಾಲ್ಕು ವಾಕ್ಯದ ಪತ್ರ ಬರೆಯಿರಿ’ ಎಂಬ ಎರಡನೆಯದಕ್ಕೆ ಬಂದ ಉತ್ತರಗಳು ಬೇರೆಯೇ ಇದ್ದವು. ‘ನೀವು ನಮಗೆ ಮೋಸ ಮಾಡಿದ್ದೀರಿ’, ‘ಕಳಪೆ ಮಾಲು ಕೊಟ್ಟಿದ್ದೀರಿ’, ‘ಕೇಸು ಹಾಕುತ್ತೇವೆ’ ಎಂಬ ಸಾಲುಗಳೇ ತುಂಬಿದ್ದವು. ಮೇಜಿನ ಯಾವ ಭಾಗದಲ್ಲಿ ಏನಾಗಿದೆ, ಯಾವತ್ತು ತಂದದ್ದು, ಅಂಗಡಿಯವರು ಈಗ ಏನು ಮಾಡಬೇಕು ಎಂಬುದು ಬೆರಳೆಣಿಕೆಯ ಪತ್ರಗಳಲ್ಲಿ ಮಾತ್ರ ಇತ್ತು.

ವಿಜ್ಞಾನದ ಪ್ರಯೋಗ ಪುಸ್ತಕ ತಿದ್ದುವಾಗಲೂ ಇದೇ ತೊಂದರೆ ಕಾಣುತ್ತದೆ. ‘ವೀಕ್ಷಣೆ’ ಎಂಬ ಶೀರ್ಷಿಕೆಯ ಕೆಳಗೆ ‘ಗುಳ್ಳೆಗಳು ಬಂದವು’ ಎನ್ನುವ ಬದಲು ‘ಹೈಡ್ರೋಜನ್ ಬಿಡುಗಡೆಯಾಯಿತು’ ಎಂದು ಮಕ್ಕಳು ಬರೆಯುತ್ತಾರೆ. ಕಂಡದ್ದನ್ನೂ ಅದರಿಂದ ತೀರ್ಮಾನಿಸಿದ್ದನ್ನೂ ಬೇರ್ಪಡಿಸುವುದೇ ವಿಜ್ಞಾನದ ಮೊದಲ ಶಿಸ್ತು. ಗ್ರಾಹಕ ಹಕ್ಕನ್ನು ಬಳಸಲು ಬೇಕಾದದ್ದೂ ಅದೇ ಶಿಸ್ತು. ಈ ಒಂದು ಎಳೆಯನ್ನು ಹಿಡಿದು ಎರಡೂ ಅವಧಿಗಳ ಪಾಠ ಯೋಜನೆ ಸಿದ್ಧಪಡಿಸಿದೆ.

ಪೀಠೋಪಕರಣವೇ ಏಕೆ?

ಗ್ರಾಹಕ ಶಿಕ್ಷಣ ಎಂದೊಡನೆ ನಾವು ತರಗತಿಗೆ ಒಯ್ಯುವುದು ಬಿಸ್ಕತ್ತಿನ ಪೊಟ್ಟಣ. ಅದರ ಮೇಲೆ ಗರಿಷ್ಠ ಮಾರಾಟ ಬೆಲೆ, ತೂಕ, ತಯಾರಿಸಿದ ತಿಂಗಳು ಎಲ್ಲವೂ ಅಚ್ಚಾಗಿರುತ್ತವೆ, ಓದಿದರೆ ಸಾಕು. ಮಂಚ, ಮೇಜು, ಬೀರು, ಸೋಫಾ ಹಾಗಲ್ಲ. ಒಳಗಿನ ಮರ ಯಾವುದು ಎಂಬುದನ್ನು ಮೇಲಿನ ಲ್ಯಾಮಿನೇಟ್ ಮುಚ್ಚಿಟ್ಟಿರುತ್ತದೆ. ಅಂಗಡಿಯಲ್ಲಿ ನೋಡುವುದು ಒಂದು ಮಾದರಿಯನ್ನು, ಮನೆಗೆ ಬರುವುದು ಗೋದಾಮಿನ ಇನ್ನೊಂದು. ಅದೂ ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಣೆಯಾಗುತ್ತದೆ. ಕೈಯಲ್ಲಿ ಹಿಡಿದುಕೊಂಡು ಹೋಗಿ ‘ಬದಲಾಯಿಸಿ ಕೊಡಿ’ ಎನ್ನಲು ಆಗುವುದಿಲ್ಲ. ಬೆಲೆ ಮಾತ್ರ ಅನೇಕ ಮನೆಗಳಲ್ಲಿ ತಿಂಗಳುಗಟ್ಟಲೆ ಕಂತು ಕಟ್ಟುವಷ್ಟು. ಮದುವೆಗೋ ಗೃಹಪ್ರವೇಶಕ್ಕೋ ತಂದದ್ದರಲ್ಲಿ ದೋಷ ಕಂಡರೂ ‘ಹೋಗಲಿ ಬಿಡು, ಒಂದು ರಟ್ಟು ಮಡಚಿ ಕಾಲಿನ ಕೆಳಗೆ ಇಡು’ ಎನ್ನುವುದೇ ನಮ್ಮ ಕಡೆಯ ವಾಡಿಕೆ.

ಕಲಿಕಾ ಫಲಗಳು

ಎರಡು ಅವಧಿಗಳ ಕೊನೆಗೆ ವಿದ್ಯಾರ್ಥಿಗಳು:

1. ಒಂದು ವಸ್ತುವಿನ ಬಗ್ಗೆ ಕಂಡದ್ದನ್ನೂ ಅಂದುಕೊಂಡದ್ದನ್ನೂ ಬೇರೆ ಬೇರೆಯಾಗಿ ಬರೆಯುವರು.
2. ದೋಷದ ಕಾರಣ ವಸ್ತುವಿನಲ್ಲಿದೆಯೋ ಹೊರಗಿದೆಯೋ ಎಂದು ತಿಳಿಯಲು ಸರಳ ಪರೀಕ್ಷೆ ಯೋಜಿಸುವರು.
3. ಕಾನೂನು ‘ದೋಷ’ ಎಂದು ಯಾವುದನ್ನು ಕರೆಯುತ್ತದೆ ಎಂಬುದನ್ನು ಸ್ವಂತ ಮಾತಿನಲ್ಲಿ ವಿವರಿಸುವರು.
4. ದುರಸ್ತಿ, ಬದಲಿ ಅಥವಾ ಹಣ ವಾಪಸಾತಿ ಕೋರಿ ಸ್ಪಷ್ಟವಾದ ಪತ್ರ ಬರೆಯುವರು.

ಬೋಧನೋಪಕರಣಗಳು: ಸಿಬ್ಬಂದಿ ಕೊಠಡಿಯ ಚೌಕಾಕಾರದ ಒಂದು ಮರದ ಸ್ಟೂಲು, ಅಳತೆ ಟೇಪು, ಬಣ್ಣದ ಸೀಮೆಸುಣ್ಣ, ಮರಗೆಲಸದ ಅಂಗಡಿಯಿಂದ ತಂದ ಪಾರ್ಟಿಕಲ್ ಬೋರ್ಡಿನ ಎರಡು ತುಂಡು, ಒಂದು ತಟ್ಟೆ ನೀರು, ಹೆಸರು ಮುಚ್ಚಿದ ಹಳೆಯ ಬಿಲ್ಲಿನ ಪ್ರತಿಗಳು.

ಶಿಕ್ಷಕರಿಗೆ ಬೇಕಾದ ವಿಷಯ ಜ್ಞಾನ

ಭಾರತದಲ್ಲಿ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಆ ದಿನವನ್ನೇ ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸುತ್ತೇವೆ. ಈಗ ಜಾರಿಯಲ್ಲಿರುವುದು 2019ರ ಕಾಯ್ದೆ. ಇದು 2020ರ ಜುಲೈ 20ರಿಂದ ಜಾರಿಗೆ ಬಂದಿತು. ಹಳೆಯ ಮಾರ್ಗದರ್ಶಿಗಳಲ್ಲಿ ಇನ್ನೂ ‘ಗ್ರಾಹಕರ ವೇದಿಕೆ’ ಎಂದೇ ಇರುತ್ತದೆ. ಹೊಸ ಕಾಯ್ದೆಯಲ್ಲಿ ಅದರ ಹೆಸರು ‘ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ’. ಪಾಠ ಮಾಡುವ ಮೊದಲು ಇದನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಕಾಯ್ದೆಯ ಪ್ರಕಾರ ಸರಕಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಶುದ್ಧತೆ ಅಥವಾ ಮಾನಕದಲ್ಲಿರುವ ಕುಂದು ಕೊರತೆಯೇ ‘ದೋಷ’. ಕೊರತೆ ಎನ್ನುವುದು ಯಾವುದಕ್ಕೆ ಹೋಲಿಸಿದಾಗ? ಕಾಯ್ದೆ ಮೂರು ಅಳತೆಗೋಲುಗಳನ್ನು ಕೊಡುತ್ತದೆ. ಒಂದು, ಕಾನೂನು ಇರಬೇಕೆಂದು ಹೇಳಿದ್ದು. ಎರಡು, ಒಪ್ಪಂದದಲ್ಲಿ ಇದ್ದದ್ದು. ಬಾಯಿಬಿಟ್ಟು ಹೇಳದಿದ್ದರೂ ಅರ್ಥದಲ್ಲೇ ಸೇರಿಕೊಂಡದ್ದು ಇದರಲ್ಲಿ ಬರುತ್ತದೆ. ಮೂರು, ಮಾರಾಟಗಾರ ತಾನೇ ಹೇಳಿಕೊಂಡದ್ದು. ಮೇಜು ನೇರವಾಗಿ ನಿಲ್ಲಬೇಕೆಂದು ಯಾರೂ ಬರೆಸಿಕೊಳ್ಳುವುದಿಲ್ಲ. ಅದು ಎರಡನೆಯ ಅಳತೆಗೋಲಿಗೆ ಸೇರುತ್ತದೆ. ‘ತೇಗದ ಮರ’ ಎಂದು ಬಿಲ್ಲಿನಲ್ಲಿ ಬರೆದು ಬೇರೆ ಮರ ಕೊಟ್ಟರೆ ಅದು ಮೂರನೆಯದಕ್ಕೆ ಸೇರುತ್ತದೆ. ‘ಬಣ್ಣ ಮನೆಗೆ ಹೊಂದಲಿಲ್ಲ’ ಎಂಬುದು ಈ ಮೂರಕ್ಕೂ ಸೇರದು. ಅಂಗಡಿಯವರು ಆಗಲೂ ಬದಲಾಯಿಸಿ ಕೊಟ್ಟರೆ ಅದು ಅವರ ಸೌಜನ್ಯ.

ಇನ್ನುಳಿದ ಮುಖ್ಯ ಅಂಶಗಳು ಇವು:

• ಸ್ವಂತ ಬಳಕೆಗೆ ಹಣ ಕೊಟ್ಟು ಕೊಂಡವರು ಗ್ರಾಹಕರು. ಅವರ ಒಪ್ಪಿಗೆಯಿಂದ ಬಳಸುವ ಮನೆಯವರೂ ಗ್ರಾಹಕರೇ. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಅಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಹೊಟ್ಟೆಪಾಡಿಗೆಂದು ಹೊಲಿಗೆ ಮೇಜು ಕೊಂಡ ದರ್ಜಿ ಗ್ರಾಹಕನೇ.

• ಬಿಲ್ಲು ಕೊಡದಿರುವುದು ‘ಅನುಚಿತ ವ್ಯಾಪಾರ ಪದ್ಧತಿ’. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ಆದ್ದರಿಂದ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಅಚ್ಚು ಹಾಕಿದ ಸಾಲು ದೋಷವಿರುವ ಸರಕಿಗೆ ಗುರಾಣಿಯಾಗದು.

• 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಮೊದಲೇ ಪರಿಶೀಲಿಸದ ಸರಕು ಮನೆಗೆ ಬಂದಾಗ ಅದನ್ನು ಪರಿಶೀಲಿಸಲು ನ್ಯಾಯವಾದ ಅವಕಾಶ ಸಿಗುವವರೆಗೆ ಕೊಂಡವರು ಅದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಆದರೆ ಮೊದಲೇ ಪರಿಶೀಲಿಸಿದ್ದರೆ, ಕಣ್ಣಿಗೆ ಬೀಳಬೇಕಾಗಿದ್ದ ದೋಷವನ್ನು ಆಮೇಲೆ ಎತ್ತುವುದು ಕಷ್ಟ.

• ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

• ಪತ್ರಕ್ಕೆ ಫಲ ಸಿಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದಕ್ಕೂ ಆಗದಿದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ದೂರು ಅಲ್ಲಿಗೇ ಹೋಗುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ. ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

• ಆಯೋಗವು ದೋಷ ಸರಿಪಡಿಸಲು, ವಸ್ತು ಬದಲಾಯಿಸಲು, ಹಣ ಮರಳಿಸಲು, ನಷ್ಟ ತುಂಬಿಕೊಡಲು ಆದೇಶಿಸಬಹುದು.

ವಿಜ್ಞಾನ ಶಿಕ್ಷಕರಿಗೆ ಇಷ್ಟವಾಗುವ ಒಂದು ಅಂಶವೂ ಕಾಯ್ದೆಯಲ್ಲಿದೆ. ನೋಡಿದ ಮಾತ್ರಕ್ಕೆ ದೋಷ ತಿಳಿಯದಿದ್ದರೆ ಆಯೋಗವು ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಇಂಥ ಪರೀಕ್ಷೆ ಬೇಡದ ಪ್ರಕರಣವನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಂದರೆ ಕಂಡು ತಿಳಿಯುವುದಕ್ಕೂ ಪರೀಕ್ಷಿಸಿ ತಿಳಿಯುವುದಕ್ಕೂ ಇರುವ ಅಂತರವನ್ನು ಕಾನೂನೇ ಗುರುತಿಸಿದೆ.

ಮೊದಲ ಅವಧಿ: ತಪ್ಪು ಸ್ಟೂಲಿನದೋ ನೆಲದ್ದೋ?

ತೊಡಗಿಸಿಕೊಳ್ಳುವಿಕೆ: ತರಗತಿಯ ನಡುವೆ ಸ್ಟೂಲು ಇಟ್ಟು ಒಬ್ಬ ವಿದ್ಯಾರ್ಥಿಯನ್ನು ಕೂರಿಸಿದೆ. ಅದು ಟಕ್ ಟಕ್ ಎಂದು ಅಲುಗಾಡಿತು. ‘ಏನು ಕಂಡಿರಿ?’ ಎಂದು ಕೇಳಿದೆ. ‘ಒಂದು ಕಾಲು ಗಿಡ್ಡ, ಮಿಸ್’ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಕಪ್ಪು ಹಲಗೆಯಲ್ಲಿ ಮೂರು ಅಂಕಣ ಎಳೆದೆ: ‘ಕಂಡದ್ದು’, ‘ಅಂದುಕೊಂಡದ್ದು’, ‘ಕೇಳುವುದು’. ಅವರ ಉತ್ತರ ಯಾವ ಅಂಕಣಕ್ಕೆ ಸೇರುತ್ತದೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಗದ್ದಲವಾಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಕಂಡದ್ದು ಅಲುಗಾಡೋದು ಮಾತ್ರ. ಕಾಲು ಗಿಡ್ಡ ಅನ್ನೋದು ನಾವು ಅಂದ್ಕೊಂಡಿದ್ದು. ನೆಲ ಹಳ್ಳ ಇದ್ರೂ ಅಲುಗಾಡುತ್ತೆ’ ಎಂದ. ಅವನ ತಂದೆ ಗಾರೆ ಕೆಲಸದವರು. ಅಂಗಡಿಯವರು ಮೊದಲು ಹೇಳುವ ಮಾತೂ ಇದೇ: ‘ನಿಮ್ಮ ಮನೆ ನೆಲ ಸರಿಯಿಲ್ಲ.’

ಅನ್ವೇಷಣೆ: ಮೂರು ಬಿಂದುಗಳ ಮೂಲಕ ಒಂದು ಸಮತಲ ಯಾವಾಗಲೂ ಹಾದುಹೋಗುತ್ತದೆ, ಅದಕ್ಕೇ ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಅಲುಗಾಡುವುದಿಲ್ಲ. ನಾಲ್ಕನೆಯ ಕಾಲು ಅದೇ ಸಮತಲದಲ್ಲಿ ಇಲ್ಲದಿದ್ದರೆ ಸ್ಟೂಲು ಎದುರುಬದುರಾದ ಎರಡು ಕಾಲುಗಳ ಮೇಲೆ ನಿಂತು ತೂಗಾಡುತ್ತದೆ. ಈಗ ಪ್ರಶ್ನೆ, ತೂಗಾಟಕ್ಕೆ ಕಾರಣ ಸ್ಟೂಲೋ ನೆಲವೋ? ಗುಂಪುಗಳು ಯೋಜಿಸಿದ ಪರೀಕ್ಷೆ ಹೀಗಿತ್ತು.

1. ಸ್ಟೂಲಿನ ಕಾಲುಗಳಿಗೆ ಕ್ರಮವಾಗಿ ಅ, ಆ, ಇ, ಈ ಎಂದೂ, ಅವು ನಿಂತ ನೆಲದ ಜಾಗಗಳಿಗೆ 1, 2, 3, 4 ಎಂದೂ ಗುರುತು ಹಾಕಿದರು.
2. ತೂಗಾಡುವಾಗ ನೆಲ ಬಿಡದ ಎರಡು ಕಾಲುಗಳು ಯಾವುವೆಂದು ಕಾಗದದ ತುಂಡು ತೂರಿಸಿ ನೋಡಿದರು. ಅ ಮತ್ತು ಇ ನೆಲ ಬಿಡುತ್ತಿರಲಿಲ್ಲ.
3. ಸ್ಟೂಲನ್ನು 90 ಡಿಗ್ರಿ ತಿರುಗಿಸಿ, ಕಾಲುಗಳನ್ನು ಅದೇ ನಾಲ್ಕು ಗುರುತುಗಳ ಮೇಲೆ ನಿಲ್ಲಿಸಿ ಮತ್ತೆ ನೋಡಿದರು.

ತಿರುಗಿಸಿದ ಮೇಲೂ ಅ ಮತ್ತು ಇ ಕಾಲುಗಳೇ ನೆಲ ಹಿಡಿದಿದ್ದರೆ ತಪ್ಪು ಸ್ಟೂಲಿನ ಜೊತೆ ತಿರುಗಿದೆ ಎಂದರ್ಥ. ಹಾಗಲ್ಲದೆ ಮೊದಲಿನ ನೆಲದ ಗುರುತುಗಳಾದ 1 ಮತ್ತು 3ರ ಮೇಲೆ ಈಗ ಬಂದ ಕಾಲುಗಳು ನೆಲ ಹಿಡಿದರೆ ತಪ್ಪು ನೆಲದಲ್ಲೇ ಉಳಿದಿದೆ. ನಮ್ಮ ಸ್ಟೂಲಿನಲ್ಲಿ ಅ ಮತ್ತು ಇ ಕಾಲುಗಳೇ ಮತ್ತೆ ನೆಲ ಹಿಡಿದವು. ಮಕ್ಕಳು ಮೊದಲು ಹೇಳಿದ್ದು ನಿಜವೇ ಆಗಿತ್ತು. ಆದರೆ ಈಗ ಅದಕ್ಕೆ ಆಧಾರ ಇತ್ತು.

ಒಂದು ಗುಂಪು 180 ಡಿಗ್ರಿ ತಿರುಗಿಸುವ ಯೋಚನೆ ಮಾಡಿತ್ತು. ಆಗ ಅ ಮತ್ತು ಇ ಕಾಲುಗಳು ಜಾಗ ಅದಲು ಬದಲಾಗಿ ಮತ್ತೆ 1 ಮತ್ತು 3ರ ಮೇಲೇ ಬರುತ್ತವೆ. ತಪ್ಪು ಎಲ್ಲಿದ್ದರೂ ಅದೇ ಫಲಿತಾಂಶ ಕಾಣುವುದರಿಂದ ಆ ಪರೀಕ್ಷೆ ಏನನ್ನೂ ಹೇಳದು. ಒಳ್ಳೆಯ ಪರೀಕ್ಷೆ ಎಂದರೆ ಎರಡು ಊಹೆಗಳಿಗೆ ಎರಡು ಬೇರೆ ಫಲಿತಾಂಶ ಕೊಡುವಂಥದ್ದು ಎಂಬ ಮಾತನ್ನು ಮಕ್ಕಳು ಇಲ್ಲಿ ಕೈಯಾರೆ ಕಲಿತರು. ಉದ್ದನೆಯ ಮೇಜಿಗೆ 90 ಡಿಗ್ರಿ ತಿರುಗಿಸುವ ಉಪಾಯ ನಡೆಯದು, ಕಾಲುಗಳು ಅದೇ ಗುರುತಿನ ಮೇಲೆ ಬರುವುದಿಲ್ಲ. ಅದನ್ನು ಎರಡು ಮೂರು ಬೇರೆ ಜಾಗಗಳಲ್ಲಿ ಇಟ್ಟು ನೋಡಬೇಕು.

ವಿವರಣೆ: ಉಳಿದ ಹತ್ತು ನಿಮಿಷ ಪೈಥಾಗೊರಸ್ ಪ್ರಮೇಯಕ್ಕೆ. 180 ಸೆಂ.ಮೀ ಎತ್ತರ, 90 ಸೆಂ.ಮೀ ಅಗಲದ ಬೀರುವಿನ ಚೌಕಟ್ಟು ಸರಿಯಾದ ಆಯತವಾಗಿದ್ದರೆ ಕರ್ಣ ಎಷ್ಟು? 180ರ ವರ್ಗ 32,400, 90ರ ವರ್ಗ 8,100, ಮೊತ್ತ 40,500, ವರ್ಗಮೂಲ ಸುಮಾರು 201.2 ಸೆಂ.ಮೀ. ಎರಡು ಕರ್ಣಗಳೂ ಇಷ್ಟೇ ಇರಬೇಕು. ಒಂದು 199.5, ಇನ್ನೊಂದು 203 ಬಂದರೆ ಚೌಕಟ್ಟು ಓರೆಯಾಗಿದೆ. ಬಾಗಿಲು ಸರಿಯಾಗಿ ಕೂರದಿರಲು ಅದೇ ಕಾರಣವಿರಬಹುದು. ಬಡಗಿಗಳು ಚೌಕಟ್ಟು ಕೂಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯುವುದು ಇದಕ್ಕೇ. ‘ಬಾಗಿಲು ಸರಿ ಇಲ್ಲ’ ಎಂಬುದಕ್ಕಿಂತ ‘ಎರಡು ಕರ್ಣಗಳ ನಡುವೆ 3.5 ಸೆಂ.ಮೀ ವ್ಯತ್ಯಾಸವಿದೆ’ ಎಂಬುದು ಪತ್ರದಲ್ಲಿ ಎಷ್ಟು ಬಲವಾಗಿ ನಿಲ್ಲುತ್ತದೆ ಎಂದು ಮಕ್ಕಳೇ ಹೇಳಿದರು.

ಅವಧಿಯ ಕೊನೆಗೆ ಪಾರ್ಟಿಕಲ್ ಬೋರ್ಡಿನ ಒಂದು ತುಂಡನ್ನು ನೀರಿನ ತಟ್ಟೆಯಲ್ಲಿ ಇಟ್ಟು, ಇನ್ನೊಂದನ್ನು ಒಣಗಿದಂತೆಯೇ ಪಕ್ಕದಲ್ಲಿ ಇಟ್ಟೆವು.

ಎರಡನೇ ಅವಧಿ: ಕಂಡದ್ದರಿಂದ ಕೇಳುವುದರ ಕಡೆಗೆ

ಮರುದಿನ ಎರಡೂ ತುಂಡುಗಳ ದಪ್ಪ ಅಳೆದರು. ಒಣಗಿದ್ದು 18 ಮಿ.ಮೀ ಇತ್ತು, ನೆನೆದದ್ದರ ಅಂಚು 20 ಮಿ.ಮೀ ದಾಟಿ ಉಬ್ಬಿತ್ತು. ಮರದ ಪುಡಿ ಮತ್ತು ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ ಇದು. ಲ್ಯಾಮಿನೇಟ್ ಇಲ್ಲದ ಕತ್ತರಿಸಿದ ಅಂಚಿನಿಂದ ನೀರು ಒಳಗೆ ಹೋಗುತ್ತದೆ. ಆಗ ಕೇಳಿದೆ: ‘ಮನೆಗೆ ಬಂದ ಹೊಸ ಮೇಜಿನ ಅಂಚು ಹೀಗೆ ಉಬ್ಬಿದೆ. ನೀರು ತಾಗಿದ್ದು ಗೋದಾಮಿನಲ್ಲೋ, ಲಾರಿಯಲ್ಲೋ, ನಿಮ್ಮ ಮನೆಯಲ್ಲೋ?’ ತುಂಡನ್ನು ಎಷ್ಟು ನೋಡಿದರೂ ಉತ್ತರ ಸಿಗದು. ಉಬ್ಬು ಕಾಣುತ್ತದೆ, ಉಬ್ಬಿದ ದಿನ ಕಾಣುವುದಿಲ್ಲ. ಆ ದಿನವನ್ನು ಹೇಳಬಲ್ಲದ್ದು ವಸ್ತು ಬಂದ ದಿನವೇ ತೆಗೆದ ಫೋಟೊ ಮತ್ತು ಅದೇ ದಿನ ಬರೆದ ಪತ್ರ. ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದ್ದರೂ ಸಾಕ್ಷ್ಯ ಅಷ್ಟು ದಿನ ಕಾಯುವುದಿಲ್ಲ ಎಂಬುದು ಇದರಿಂದ ಮನದಟ್ಟಾಯಿತು.

ಅಲ್ಲಿಂದ ‘ವಸ್ತು ಮನೆಗೆ ಬಂದ ದಿನ ಮಾಡಬೇಕಾದದ್ದು’ ಎಂಬ ಪಟ್ಟಿಯನ್ನು ತರಗತಿಯೇ ಸಿದ್ಧಪಡಿಸಿತು: ಹೊದಿಕೆ ಬಿಚ್ಚುವ ಮೊದಲೊಂದು ಫೋಟೊ, ಬಿಚ್ಚಿದ ಮೇಲೊಂದು, ಎಲ್ಲ ಬಾಗಿಲು, ಸೆಳೆಖಾನೆ ತೆರೆದು ಮುಚ್ಚಿ ನೋಡುವುದು, ಹಿಂಭಾಗ ಮತ್ತು ತಳ ನೋಡುವುದು, ತಲುಪಿದ್ದಕ್ಕೆ ಸಹಿ ಮಾಡುವಾಗ ಕಂಡ ದೋಷವನ್ನು ಅದೇ ಚೀಟಿಯಲ್ಲಿ ಬರೆಯುವುದು, ಬಿಲ್ಲು, ವಾರಂಟಿ ಕಾರ್ಡು ಒಂದೇ ಕಡೆ ಇಡುವುದು.

ವಿಸ್ತರಣೆ: ಪ್ರತಿ ಗುಂಪಿಗೂ ಒಂದು ಕಲ್ಪಿತ ಪ್ರಕರಣ ಕೊಟ್ಟು ಮೂರು ಅಂಕಣಗಳನ್ನು ತುಂಬಿಸಿದೆ. ಒಂದು ಗುಂಪಿನ ಕೆಲಸ ಹೀಗಿತ್ತು.

ಕಂಡದ್ದು: ಓದುವ ಮೇಜಿನ ಬಲಗಡೆಯ ಸೆಳೆಖಾನೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಒಳಗಿನ ಹಳಿಯ ಎರಡು ಸ್ಕ್ರೂಗಳಲ್ಲಿ ಒಂದಿಲ್ಲ.
ಅಂದುಕೊಂಡದ್ದು: ಜೋಡಿಸಲು ಬಂದವರು ಸ್ಕ್ರೂ ಹಾಕಿಲ್ಲ.
ಕೇಳುವುದು: ಬಂದು ಪರಿಶೀಲಿಸಿ ಸರಿಪಡಿಸಬೇಕು, ಆಗದಿದ್ದರೆ ಮೇಜು ಬದಲಾಯಿಸಬೇಕು.

ಪತ್ರದಲ್ಲಿ ಮೊದಲ ಮತ್ತು ಮೂರನೆಯ ಅಂಕಣ ಮಾತ್ರ ಬರಬೇಕು ಎಂಬುದು ನಾನು ಇಟ್ಟ ನಿಯಮ. ಅದೇ ಗುಂಪಿನ ಪತ್ರ:

‘ಮಾನ್ಯರೆ, ಇದೇ ತಿಂಗಳ 4ರಂದು ನಿಮ್ಮ ಅಂಗಡಿಯಿಂದ 8,500 ರೂಪಾಯಿ ಕೊಟ್ಟು ಓದುವ ಮೇಜನ್ನು ಕೊಂಡಿದ್ದೇವೆ. ಬಿಲ್ಲಿನ ಪ್ರತಿ ಜೊತೆಗಿದೆ. 6ರಂದು ನಿಮ್ಮ ಕಡೆಯವರು ಮನೆಗೆ ತಂದು ಜೋಡಿಸಿದರು. ಅದೇ ದಿನ ಸಂಜೆ ನೋಡಿದಾಗ ಬಲಗಡೆಯ ಸೆಳೆಖಾನೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಒಳಹಳಿಯಲ್ಲಿ ಒಂದು ಸ್ಕ್ರೂ ಇರಲಿಲ್ಲ. ಫೋಟೊ ಲಗತ್ತಿಸಿದೆ. ಈ ಪತ್ರ ತಲುಪಿದ 7 ದಿನಗಳೊಳಗೆ ಬಂದು ಸರಿಪಡಿಸಿ ಕೊಡಬೇಕು, ಸಾಧ್ಯವಾಗದಿದ್ದರೆ ಮೇಜನ್ನು ಬದಲಾಯಿಸಿ ಕೊಡಬೇಕು ಎಂದು ಕೋರುತ್ತೇವೆ. ದಯವಿಟ್ಟು ಉತ್ತರವನ್ನು ಬರಹದಲ್ಲಿ ತಿಳಿಸಿ.’

7 ದಿನ ಎಂಬುದು ಕಾನೂನಿನ ಗಡುವಲ್ಲ, ಪತ್ರ ಬರೆದವರು ಕೊಟ್ಟ ಗಡುವು ಎಂಬುದನ್ನು ಸ್ಪಷ್ಟಪಡಿಸಿದೆ. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಬಹುದು. ಅಥವಾ ಕೈಯಲ್ಲೇ ಕೊಟ್ಟು ಪ್ರತಿಯ ಮೇಲೆ ‘ತಲುಪಿದೆ’ ಎಂದು ಸಹಿ ಪಡೆಯಬಹುದು.

ತರಗತಿಯಲ್ಲಿ ಎದ್ದ ಪ್ರಶ್ನೆಗಳು

‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀವಿ ಅಂತಾರಲ್ಲ ಮಿಸ್?’ ಉಳಿದ ಹಣಕ್ಕಿಂತ ಕಳೆದುಕೊಂಡ ಆಧಾರ ದೊಡ್ಡದು ಎಂದು ಹೇಳಿದೆ. ಬಿಲ್ಲು ಇಲ್ಲದಿದ್ದರೂ ಎಲ್ಲವೂ ಮುಗಿಯಿತೆಂದಲ್ಲ. ಫೋನ್ ಮೂಲಕ ಹಣ ಪಾವತಿಸಿದ ದಾಖಲೆ, ಮುಂಗಡ ಕೊಟ್ಟಾಗ ಬರೆದುಕೊಟ್ಟ ಚೀಟಿ, ವಾಟ್ಸ್‌ಆ್ಯಪ್ ಸಂದೇಶ ಇವೂ ಖರೀದಿಯನ್ನು ತೋರಿಸಲು ನೆರವಾಗುತ್ತವೆ.

ಅತ್ಯಂತ ಮುಖ್ಯವಾದ ಪ್ರಶ್ನೆ ಬಂದದ್ದು ಬಡಗಿಯ ಮಗನೊಬ್ಬನಿಂದ. ‘ಮಿಸ್, ಮರ ಅವ್ರೇ ತಂದುಕೊಡ್ತಾರೆ. ಹಸಿ ಮರ ಇರುತ್ತೆ. ನಮ್ಮಪ್ಪ ಒಣಗಲಿ ಅಂದ್ರೂ ಮದುವೆ ಹತ್ರ ಬಂತು ಮಾಡ್ಕೊಡಿ ಅಂತಾರೆ. ಆಮೇಲೆ ಬಿರುಕು ಬಿಟ್ರೆ ನಮ್ಮಪ್ಪಂಗೆ ದುಡ್ಡು ಕೊಡಲ್ಲ. ಅದು ಯಾರ ತಪ್ಪು?’ ತರಗತಿ ನಿಶ್ಶಬ್ದವಾಯಿತು. ಅಷ್ಟು ಹೊತ್ತು ಎಲ್ಲರೂ ಕೊಳ್ಳುವವರ ಕಡೆಯೇ ನಿಂತಿದ್ದರು.

ಇಲ್ಲಿ ಮರದ ವಿಜ್ಞಾನವನ್ನು ಸ್ವಲ್ಪ ವಿವರಿಸಿದೆ. ಹಸಿ ಮರ ಒಣಗುವಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಬಹಳ ಕಡಿಮೆ, ಎಳೆಗೆ ಅಡ್ಡಲಾಗಿ ಹೆಚ್ಚು. ಹೀಗೆ ಸಮನಲ್ಲದ ಕುಗ್ಗುವಿಕೆಯಿಂದ ಬಿರುಕು, ಬಾಗು ಬರುತ್ತವೆ. ಬಳಿಕ ಅದೇ ಮೂರು ಅಂಕಣಗಳಿಗೆ ಹಿಂತಿರುಗಿದೆವು. ಕಂಡದ್ದು: ಹಲಗೆಯಲ್ಲಿ ಬಿರುಕು. ಅಂದುಕೊಂಡದ್ದು: ಕೆಲಸ ಸರಿಯಿಲ್ಲ. ಆದರೆ ಕಾರಣ ಮರದಲ್ಲೂ ಇರಬಹುದು, ಮರ ಕೊಟ್ಟವರು ಕೊಂಡವರೇ. ಹಣ ಕೊಟ್ಟು ಮಾಡಿಸಿದ ಮರಗೆಲಸ ಕಾಯ್ದೆಯ ದೃಷ್ಟಿಯಲ್ಲಿ ಸೇವೆ. ಆ ಸೇವೆಯಲ್ಲಿ ನ್ಯೂನತೆ ಇತ್ತೇ ಎಂಬುದೇ ಪ್ರಶ್ನೆಯಾಗುತ್ತದೆ, ಬಿರುಕು ಇದ್ದ ಮಾತ್ರಕ್ಕೆ ಉತ್ತರ ಸಿಗುವುದಿಲ್ಲ. ‘ಹಾಗಾದ್ರೆ ಅಪ್ಪನೂ ಮೊದ್ಲೇ ಬರೆದಿಟ್ಕೋಬೇಕು, ಮರ ಹಸಿ ಅಂತ ಹೇಳಿದ್ದೀನಿ ಅಂತ’ ಎಂದು ಅವನೇ ತೀರ್ಮಾನಕ್ಕೆ ಬಂದ. ಕಂಡದ್ದನ್ನು ಬರೆದಿಡುವ ಶಿಸ್ತು ಕೊಳ್ಳುವವರನ್ನು ಕಾಪಾಡುವಂತೆಯೇ ಪ್ರಾಮಾಣಿಕವಾಗಿ ದುಡಿಯುವವರನ್ನೂ ಕಾಪಾಡುತ್ತದೆ. ಗ್ರಾಹಕ ಶಿಕ್ಷಣವನ್ನು ನಾವು ‘ಅಂಗಡಿಯವರ ವಿರುದ್ಧ’ದ ಪಾಠವಾಗಿ ಮಾಡಿದರೆ ಇಂಥ ಮಕ್ಕಳು ತರಗತಿಯಲ್ಲೇ ಹೊರಗುಳಿಯುತ್ತಾರೆ.

ಮೌಲ್ಯಮಾಪನ

ಗೃಹಪಾಠವಾಗಿ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಪೀಠೋಪಕರಣವನ್ನು ಪರಿಶೀಲಿಸಿ ಮೂರು ಅಂಕಣ ತುಂಬಿ, ಪತ್ರ ಬರೆಯಬೇಕಿತ್ತು. 10 ಅಂಕಗಳ ಹಂಚಿಕೆ ಹೀಗಿತ್ತು: ದೋಷದ ಸ್ಪಷ್ಟ ವೀಕ್ಷಣೆಗೆ 4, ಖರೀದಿಯ ವಿವರಕ್ಕೆ 2, ನಿರ್ದಿಷ್ಟ ಬೇಡಿಕೆಗೆ 2, ಲಗತ್ತು ಮತ್ತು ದಿನಾಂಕಕ್ಕೆ 1, ಸಭ್ಯ ಭಾಷೆಗೆ 1. ಪೂರ್ವಪರೀಕ್ಷೆಯ ಪತ್ರಗಳ ಜೊತೆ ಹೋಲಿಸಿದಾಗ ಬದಲಾವಣೆ ಎದ್ದು ಕಾಣುತ್ತಿತ್ತು. ‘ಮೋಸ’ ಎಂಬ ಪದ ಬಹುತೇಕ ಮಾಯವಾಗಿತ್ತು. ಅಳತೆ, ದಿನಾಂಕ, ಎಡ ಬಲ ಎಂಬ ವಿವರ ಬಂದಿದ್ದವು. ‘ಕೇಳುವುದು’ ಅಂಕಣ ಮಾತ್ರ ಅನೇಕರಿಗೆ ಕಷ್ಟವಾಗಿಯೇ ಉಳಿಯಿತು. ‘ಏನಾದರೂ ಮಾಡಿ’, ‘ನ್ಯಾಯ ಕೊಡಿಸಿ’ ಎಂದು ಬರೆದವರು ಇದ್ದರು. ಹಿರಿಯರ ಬಳಿ ಇಂಥದ್ದೇ ಬೇಕು ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಕಡಿಮೆ. ಇದಕ್ಕೆ ಇನ್ನೂ ಒಂದು ಅವಧಿ ಬೇಕು.

ಒಬ್ಬ ವಿದ್ಯಾರ್ಥಿನಿ ಬರೆದದ್ದು ಕಲ್ಪಿತವಾಗಿರಲಿಲ್ಲ. ಅವಳ ಮನೆಗೆ ಐದು ತಿಂಗಳ ಹಿಂದೆ ಕಂತಿನಲ್ಲಿ ತಂದ ಮಂಚದ ಪಟ್ಟಿಯಲ್ಲಿ ಸೂಜಿ ತೂರುವಷ್ಟು ರಂಧ್ರಗಳು ಬಿದ್ದು, ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಕುಟ್ಟೆ ಹುಳುವಿನ ಮರಿ ಮರದೊಳಗೆ ಬಹಳ ಕಾಲ ಇದ್ದು, ಬೆಳೆದು ಹೊರಬರುವಾಗ ಮಾತ್ರ ರಂಧ್ರ ಕಾಣುತ್ತದೆ. ಹಾಗಾಗಿ ಇದು ಕೊಳ್ಳುವಾಗ ಎಷ್ಟು ನೋಡಿದರೂ ಕಣ್ಣಿಗೆ ಬೀಳದ ದೋಷವಾಗಿರಬಹುದು. ಮನೆಯ ಬೇರೆ ಮರದಿಂದ ಹುಳು ಬಂದಿರುವ ಸಾಧ್ಯತೆಯೂ ಇದೆ. ಅದನ್ನೂ ಪರಿಶೀಲಿಸಲು ಹೇಳಿದೆ. ಅವಳು ಮನೆಯ ಬಾಗಿಲು, ಹಳೆಯ ಪೆಟ್ಟಿಗೆ, ಮಣೆ ಎಲ್ಲವನ್ನೂ ನೋಡಿ ‘ಬೇರೆಲ್ಲೂ ರಂಧ್ರ ಇಲ್ಲ, ಪುಡಿ ಇಲ್ಲ’ ಎಂದು ‘ಕಂಡದ್ದು’ ಅಂಕಣದಲ್ಲಿ ಸೇರಿಸಿದಳು.

ತೊಂದರೆ ಇದ್ದದ್ದು ಬೇರೆ ಕಡೆ. ‘ಅಂಗಡಿಯವರು ಪರಿಚಯದವ್ರು, ಕಂತು ಒಂದೆರಡು ದಿನ ತಡವಾದ್ರೂ ಸುಮ್ನಿರ್ತಾರೆ. ಅವ್ರಿಗೆ ಹೆಂಗೆ ಕೇಳೋದು ಅಂತಾರೆ ಅಪ್ಪ’ ಎಂದಳು. ಇದಕ್ಕೆ ಕಾಯ್ದೆಯ ಯಾವ ಕಲಮೂ ಉತ್ತರ ಕೊಡುವುದಿಲ್ಲ. ಸಾಲ ಕೊಟ್ಟವರ ಮುಂದೆ ಹಕ್ಕಿನ ಮಾತಾಡುವುದು ಸುಲಭವಲ್ಲ ಎಂಬುದು ನಮ್ಮೆಲ್ಲರ ಮನೆಗಳಲ್ಲೂ ಗೊತ್ತಿರುವ ಸತ್ಯ. ಪತ್ರವನ್ನು ಕಳುಹಿಸಲೇಬೇಕೆಂದು ನಾನು ಹೇಳಲಿಲ್ಲ. ಅದು ಮನೆಯವರ ನಿರ್ಧಾರ. ಅವಳ ಪತ್ರದಲ್ಲಿ ಆರೋಪದ ಒಂದು ಪದವೂ ಇರಲಿಲ್ಲ: ಯಾವ ಪಟ್ಟಿ, ಎಷ್ಟು ರಂಧ್ರ, ಯಾವತ್ತು ಕಂಡದ್ದು, ಪಟ್ಟಿ ಬದಲಾಯಿಸಿ ಕೊಡಿ ಎಂಬ ಕೋರಿಕೆ, ಅಷ್ಟೇ. ಮನೆಯಲ್ಲಿ ಓದಿ ಹೇಳಿದಾಗ ಅವಳ ತಂದೆ ‘ಇದರಲ್ಲಿ ಜಗಳ ಏನಿಲ್ಲ’ ಎಂದು ಮುಂದಿನ ಕಂತು ಕಟ್ಟಲು ಹೋದಾಗ ತೆಗೆದುಕೊಂಡು ಹೋದರಂತೆ. ಅಂಗಡಿಯವರು ಪಟ್ಟಿ ಬದಲಾಯಿಸುವುದಾಗಿ ಒಪ್ಪಿದ್ದಾರೆ. ನನ್ನ ಇಂಟರ್ನ್‌ಶಿಪ್ ಮುಗಿಯುವವರೆಗೆ ಹೊಸ ಪಟ್ಟಿ ಬಂದಿರಲಿಲ್ಲ. ಒಪ್ಪಿದ ದಿನಾಂಕವನ್ನು ಅವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು

1. ಸ್ಟೂಲಿನ ಪರೀಕ್ಷೆಗೆ ನಾಲ್ಕು ಕಾಲುಗಳೂ ಚೌಕದ ಮೂಲೆಗಳಲ್ಲಿರುವ ಸ್ಟೂಲೇ ಬೇಕು. ತರಗತಿಗೆ ಒಯ್ಯುವ ಮೊದಲು ಒಮ್ಮೆ ಮಾಡಿ ನೋಡಿ.

2. ಪಾರ್ಟಿಕಲ್ ಬೋರ್ಡ್ ನೆನೆಯಲು ಒಂದು ರಾತ್ರಿ ಬೇಕು. ಆದ್ದರಿಂದ ಎರಡು ಅವಧಿಗಳು ಒಂದರ ಹಿಂದೆ ಒಂದು ದಿನ ಬರುವಂತೆ ವೇಳಾಪಟ್ಟಿ ಕೇಳಿಕೊಳ್ಳಿ.

3. ಪ್ರಕರಣಗಳಲ್ಲಿ ನಿಜವಾದ ಅಂಗಡಿಯ ಹೆಸರು ಬಳಸಬೇಡಿ. ಮಕ್ಕಳ ಮನೆಯವರೇ ಆ ಅಂಗಡಿಯಲ್ಲಿ ಕೆಲಸಕ್ಕೆ ಇರಬಹುದು. ಬಿಲ್ಲಿನ ಪ್ರತಿ ತರುವಾಗ ಹೆಸರು, ಫೋನ್ ಸಂಖ್ಯೆ ಮುಚ್ಚಿ.

4. ಸಮಾಜ ವಿಜ್ಞಾನ ಬೋಧಿಸುವವರು ಆರು ಹಕ್ಕುಗಳ ಪಟ್ಟಿಯನ್ನು ಈ ಚಟುವಟಿಕೆಯ ನಂತರ ಕೊಡಬಹುದು. ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಕೇಳಿಸಿಕೊಳ್ಳಲ್ಪಡುವುದು, ಪರಿಹಾರ, ಗ್ರಾಹಕ ಅರಿವು ಇವುಗಳಲ್ಲಿ ತಮ್ಮ ಪತ್ರ ಯಾವುದನ್ನು ಬಳಸಿದೆ ಎಂದು ಮಕ್ಕಳೇ ಗುರುತಿಸಲಿ.

5. ಕನ್ನಡ ಬೋಧಿಸುವವರು ಪತ್ರಲೇಖನಕ್ಕೂ, ವಿಜ್ಞಾನ ಬೋಧಿಸುವವರು ಪ್ರಯೋಗದ ದಾಖಲೆಗೂ ಇದೇ ಅಂಕಣಗಳನ್ನು ಬಳಸಬಹುದು. ನನ್ನ ಮುಂದಿನ ರಸಾಯನ ಪಾಠದಲ್ಲಿ ಸತುವಿನ ಮೇಲೆ ಆಮ್ಲ ಹಾಕಿದಾಗ ಮಕ್ಕಳು ‘ಕಂಡದ್ದು: ಗುಳ್ಳೆ’ ಎಂದು ಬರೆದು, ಉರಿಯುವ ಕಡ್ಡಿ ಹಿಡಿದು ‘ಪಟ್’ ಎಂಬ ಸದ್ದು ಕೇಳಿದ ಮೇಲೆಯೇ ‘ಹೈಡ್ರೋಜನ್’ ಎಂದು ಬರೆದರು.